ಬೆನ್ನ ಹಿಂದಿನ ಮಾತು

ಲಟ್ಟಣಿಗೆಯನ್ನು ಆಂಬ್ರೋಸ್ ಪಿಕೆಟ್‌ನ ನೆತ್ತಿಯ ಮೇಲೆ ಎತ್ತಿ ಹಿಡಿದು, ಕಣ್ಣಲ್ಲೇ ಕೆಂಡ ಕಾರುತ್ತಾ ಹೆಸ್ಟರ್ ಲಾಟ್ ಕೇಳಿದಳು: "ಇವತ್ತೂ ಈರುಳ್ಳಿ ತಿಂದು ಬಂದಿದ್ದೀರಾ? ಎಷ್ಟು ಸಲ ಹೇಳ್ಬೇಕ್ರೀ ನಿಮ್ಗೆ?"

"ಅರ್ಧ ಮಾತ್ರ," ಎಂದ ಆಂಬ್ರೋಸ್, ಮೊಣಕಾಲೂರಿ, ಪ್ರಾಣಭಿಕ್ಷೆ ಬೇಡುವವನ ಹಾಗೆ ಕೈಜೋಡಿಸಿ. "ಇನ್ನರ್ಧ ನಿಮ್ಗೇಂತ ಕಾಗದದಲ್ಲಿ ಸುತ್ತಿ ಇಟ್ಟಿದ್ದೀನಿ."

"ಭೇಷ್! ಕೋಪ ಹಾಗೇ ಇರ್ಲಿ!" ಕ್ಯಾಮೆರಾದ ಪಕ್ಕದಿಂದ ನಿರ್ದೇಶಕ ಕ್ರಾನ್ ಅರಚಿದ. "ಹೊಡಿ ಹೆಸ್ಟರ್! ಈಗ ಬೆನ್ನು ತಿರುಗ್ಸು! ನಡಿ ಬಾಗ್ಲ ಕಡೆಗೆ!"

1912ರ ಬ್ರೂಕ್ಲಿನ್‌ನಲ್ಲಿ ಸಿನಿಮಾಕ್ಕೆ ಮಾತಿರಲಿಲ್ಲ. ಹಾಗಾಗಿ ನಟರ ಬಾಯಿಗೆ ಲಗಾಮೂ ಇರಲಿಲ್ಲ. ಮುಖದಲ್ಲಿ ಸಿಟ್ಟು ಕಂಡರೆ ಸಾಕು. ಬಾಯಲ್ಲಿ ಮಧ್ಯಾಹ್ನದ ಊಟವೋ ಕಚ್ಚುವ ಬೂಟೋ ಏನು ಬಂದರೂ ಕೇಳುವವರಿಲ್ಲ.

ಚಿತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ. ದಪ್ಪ ಗಂಡ ತಪ್ಪು ಮಾಡುತ್ತಾನೆ, ಗಯ್ಯಾಳಿ ಹೆಂಡತಿ ಬಾರಿಸಿ ಬೆನ್ನು ತಿರುಗಿಸಿ ಹೊರಟುಹೋಗುತ್ತಾಳೆ, ಗಂಡ ತಲೆ ಸವರಿಕೊಳ್ಳುತ್ತಾ ಕ್ಯಾಮೆರಾದತ್ತ ನೋಡಿ ಏನೋ ಗೊಣಗುತ್ತಾನೆ. ಜನ ಬಿದ್ದು ಬಿದ್ದು ನಗುತ್ತಾರೆ.

"ನನ್ನ ಬೆನ್ನ ಹಿಂದೆ ಏನ್ರೀ ಗೊಣಗೋದು?" ಹೆಸ್ಟರ್ ಒಮ್ಮೆ ಕೇಳಿದ್ದಳು.

"ಪ್ರಾರ್ಥನೆ. ಇವತ್ತೂ ಬದುಕಿ ಉಳಿದೆನಲ್ಲ ಅಂತ."

ಆಂಬ್ರೋಸ್ ಸರ್ಕಸ್ಸಿನಲ್ಲಿ ಏಣಿಯಿಂದ ಬೀಳುತ್ತಾ ಬೆಳೆದವನು. ಆಮೇಲೆ ಊರೂರಿನ ನಾಟಕಶಾಲೆಗಳಲ್ಲಿ ಬಿದ್ದ. ಈಗ ಸಿನಿಮಾದಲ್ಲಿ ಬೀಳುತ್ತಿದ್ದಾನೆ. ಈ ಬೀಳಾಟದಲ್ಲಿ ಅವನ ಮುಖಕ್ಕೆ ಒಂದು ಶಾಪ ಅಂಟಿಕೊಂಡಿತ್ತು: ಅದನ್ನು ಕಂಡವರೆಲ್ಲ ನಗುತ್ತಿದ್ದರು. ಚಿಕ್ಕಪ್ಪನ ಶವಸಂಸ್ಕಾರದಲ್ಲಿ ಅವನು ನಿಜವಾಗಿ ಅತ್ತಾಗ ಪಾದ್ರಿಯೇ ಕಿಸಕ್ಕೆಂದಿದ್ದರು. ಸ್ಕ್ರ್ಯಾಂಟನ್ ಊರಿನಲ್ಲಿ ಒಬ್ಬ ಹುಡುಗಿಗೆ ಪ್ರೀತಿ ನಿವೇದಿಸಿದಾಗ ಅವಳು ನಕ್ಕು ನಕ್ಕು ಉಸಿರುಗಟ್ಟಿ, ನೀರು ಕುಡಿಸಬೇಕಾಗಿ ಬಂದಿತ್ತು. ಇದನ್ನೆಲ್ಲ ಅವನೇ ತಮಾಷೆಯಾಗಿ ಹೇಳುತ್ತಿದ್ದ. ಹೆಸ್ಟರ್ ಮಾತ್ರ ನಗುತ್ತಿರಲಿಲ್ಲ.

ಅವಳು ಅವನನ್ನು ಪ್ರೀತಿಸುತ್ತಿದ್ದಳು. ಲಟ್ಟಣಿಗೆ ಬೀಳುವ ಗಳಿಗೆಯಲ್ಲಿ ಅವನು ಹತ್ತಿ ತುಂಬಿದ ಟೋಪಿಯನ್ನು ತುಸುವೇ ಓರೆಮಾಡಿ ಒಡ್ಡುತ್ತಿದ್ದ, ಅವಳ ಮಣಿಕಟ್ಟು ಉಳುಕಬಾರದೆಂದು. ಹೊಡೆಸಿಕೊಳ್ಳುವಾಗಲೂ ಹೊಡೆಯುವವಳ ಕೈಯ ಚಿಂತೆ ಮಾಡುವ ಗಂಡಸನ್ನು ಅವಳು ಬೇರೆಲ್ಲೂ ಕಂಡಿರಲಿಲ್ಲ.

ಆ ದಿನ ಲೈಟು ಆರಿಸುವಾಗ ಕ್ರಾನ್ ಸುದ್ದಿ ಹೇಳಿದ. ಚಳಿಗಾಲಕ್ಕೆ ಕಂಪನಿ ಬಿಸಿಲು ಹುಡುಕಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೊರಟಿದೆ; ಹೋದವರು ಅಲ್ಲೇ ಉಳಿದರೂ ಉಳಿದಾರು. ಆಂಬ್ರೋಸ್ ಹೋಗಲೇಬೇಕು. ಹೆಸ್ಟರ್ ಬರುವುದಾದರೆ ಸರಿ, ಇಲ್ಲದಿದ್ದರೆ ಬೇರೆ ಹೆಂಡತಿಯನ್ನು ನೋಡೋಣ.

ಹೆಸ್ಟರ್‌ಗೆ ಮನೆಯಲ್ಲಿ ಕಿವಿ ಕೇಳದ ತಾಯಿ. ತಾಯಿಯ ನೆಂಟರು, ಗೆಳತಿಯರು, ಚರ್ಚು ಎಲ್ಲ ಬ್ರೂಕ್ಲಿನ್‌ನಲ್ಲೇ. ಅವಳು ಧೈರ್ಯ ಮಾಡಿ ಆಂಬ್ರೋಸ್‌ನ ತೋಳು ಹಿಡಿದಳು. "ಹೋಗ್ಬೇಡಿ."

ಅವನ ಮುಖ ಒಂದು ಕ್ಷಣ ಬರಿದಾಯಿತು. ಸುತ್ತ ಜನ ನೋಡುತ್ತಿದ್ದರು. ತಕ್ಷಣ ಎದೆ ಹಿಡಿದುಕೊಂಡು, ಕಣ್ಣು ಮೇಲಕ್ಕೆ ತಿರುಗಿಸಿ, ಮೂರ್ಛೆ ಹೋದವನಂತೆ ಬಣ್ಣದ ಬಕೆಟ್ಟಿನ ಮೇಲೆ ಧೊಪ್ಪನೆ ಬಿದ್ದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಸ್ಟರ್ ಕೋಟು ಎತ್ತಿಕೊಂಡು ಮನೆಗೆ ನಡೆದಳು.

ಊಟದ ಮೇಜಿನಲ್ಲಿ ಅವಳು ತಾಯಿಯ ಎದುರು ಮುಖವಿಟ್ಟು, ತುಟಿ ಕಾಣುವಂತೆ ನಿಧಾನವಾಗಿ ಸುದ್ದಿ ಹೇಳಿದಳು. ಹುಡುಗಿಯಾಗಿದ್ದಾಗ ಜ್ವರ ಬಂದು ಕಿವಿ ಕಳೆದುಕೊಂಡ ಮಿಸೆಸ್ ಲಾಟ್ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದರು. ತಾವು ಮಾತಾಡಿದರೆ ಮೂರು ಮನೆಗೆ ಕೇಳಿಸುತ್ತಿತ್ತು.

"ಅದೆಂಗೆ ಹೋಗ್ತಾನೆ?" ಎಂದರು. "ವಾರವಾರ ನಿನ್ನೇ ಪ್ರೀತಿಸ್ತೀನಿ ಅಂತಾನಲ್ಲ!"

ಹೆಸ್ಟರ್‌ಳ ಚಮಚ ತಟ್ಟೆಗೆ ಬಿತ್ತು. "ಯಾರು?"

"ಅವನೇ ಕಣೇ, ಆ ದಪ್ಪ! ನೀನು ಬೆನ್ನು ತಿರುಗ್ಸಿದ ತಕ್ಷಣ ಶುರು. 'ಹೊಡೆದ್ರೂ ನಿನ್ನ ಕೈ ಚೆಂದ ಹೆಸ್ಟರ್' ಅಂದ ಒಂದ್ಸಲ. 'ಒಂದು ದಿನ ನೀನು ನಗದೇ ಕೇಳೋದಾದ್ರೆ ಹೇಳ್ತೀನಿ' ಅಂದ ಇನ್ನೊಂದ್ಸಲ. ಅವತ್ತು ನಮ್ಮ ಸಂಘದವ್ರೆಲ್ಲ ಅತ್ತುಬಿಟ್ವಿ. ಪಕ್ಕದ ಸಾಲಿನೋರು ನಗ್ತಿದ್ರು, ಕಿವಿ ಇರೋ ದಡ್ಡರು!"

"ಶನಿವಾರ ನೀನು ಚರ್ಚಿಗೆ ಹೊಲಿಗೆಗೆ ಹೋಗ್ತಿದ್ದೆ ಅಲ್ವಾ?"

"ಹೊಲಿಗೆ ಯಾರಿಗೆ ಬೇಕು? ಕಿವುಡರ ಸಂಘ ಪೂರ್ತಿ ಥಿಯೇಟರಿಗೇ ಹೋಗೋದು. ಹೇಳಿದ್ರೆ ನೀನು ತೆರೆ ಮೇಲೂ ಬಾಯಿ ಮುಚ್ಕೊಂಡಿರ್ತಿದ್ದೆ." ಮಿಸೆಸ್ ಲಾಟ್ ಹುಬ್ಬು ಏರಿಸಿದರು. "ಅಂದ್ಹಾಗೆ, ನನ್ನ ಎಲೆಕೋಸಿನ ಸಾರು ಒದ್ದೆ ಕಾಲುಚೀಲದ ಹಾಗೆ ನಾರುತ್ತೆ ಅಂದ್ಯಲ್ಲ, ಆ ಹಿಟ್ಟು ಎರಚಾಡೋ ಚಿತ್ರದಲ್ಲಿ? ಅದನ್ನೂ ನೋಡ್ದೆ."

ಹೆಸ್ಟರ್ ಸಾರನ್ನು ಪೂರ್ತಿ ಕುಡಿದಳು. ಅದೇ ಮೊದಲ ಬಾರಿಗೆ ರುಚಿಯಾಗಿಯೂ ಇತ್ತು.

ಎದುರಿಗೆ ನಿಂತು ಹೇಳಿದರೆ ಅವನು ಮತ್ತೆ ಬಕೆಟ್ಟಿನ ಮೇಲೆ ಬೀಳುತ್ತಾನೆ. ಹಾಗಾಗಿ ಹೊರಡುವ ಮೊದಲಿನ ಕೊನೆಯ ಚಿತ್ರದಲ್ಲಿ ಹೆಸ್ಟರ್ ಕ್ರಾನ್‌ನನ್ನು ಕೇಳಿದಳು: "ಈ ಸಲ ಬಾಗ್ಲಿಗೆ ಬೇಡ, ಕ್ಯಾಮೆರಾ ಕಡೆಗೇ ನಡ್ಕೊಂಡು ಬರ್ಲಾ?"

"ನಿನ್ನಿಷ್ಟ. ಮುಖ ಸಿಡುಕಾಗಿರ್ಲಿ."

ಅವಳು ಹೊಡೆದಳು, ಬೆನ್ನು ತಿರುಗಿಸಿದಳು. ಕ್ಯಾಮೆರಾ ಗರಗರ ಎನ್ನುತ್ತಿತ್ತು, ಕ್ರಾನ್ ಕೂಗುತ್ತಿದ್ದ, ಹಿಂದೆ ಆಂಬ್ರೋಸ್ ಗೊಣಗುತ್ತಿದ್ದ. ಹೆಸ್ಟರ್ ಸಿಡುಕು ಮುಖದಲ್ಲೇ ತುಟಿಯಾಡಿಸಿದಳು.

ಚಿತ್ರ ಬಂದ ಶನಿವಾರ ಅವಳು ಆಂಬ್ರೋಸ್‌ನನ್ನು ಥಿಯೇಟರಿಗೆ ಎಳೆದೊಯ್ದಳು. ಸೋಮವಾರ ಅವನ ರೈಲು.

"ನನ್ನ ಮುಖ ನಾನೇ ನೋಡಲ್ಲ ಕಣ್ರೀ. ಬೆಳಿಗ್ಗೆ ಗಡ್ಡ ಹೆರೆಯುವಾಗ ನೋಡೋದೇ ಸಾಕಾಗಿದೆ."

"ನನ್ನ ಮುಖ ನೋಡಿ. ಬೇಡ್ವಾ?"

ಅವನು ಕೆಂಪಾಗಿ ಕುರ್ಚಿಯಲ್ಲಿ ಕುಳಿತ.

ತೆರೆಯ ಮೇಲೆ ಲಟ್ಟಣಿಗೆ ಬಿತ್ತು. ಜನ ನಕ್ಕರು. ತೆರೆಯ ಹೆಸ್ಟರ್ ಮುಂದಕ್ಕೆ ಬಂದು ತುಟಿಯಾಡಿಸಿದಳು. ಅಷ್ಟರಲ್ಲಿ ಮಧ್ಯದ ಸಾಲುಗಳಲ್ಲಿದ್ದ ಸಂಘದವರೆಲ್ಲ ಒಟ್ಟಿಗೆ ಎದ್ದು ನಿಂತು ಬಿಳಿ ಕರವಸ್ತ್ರ ಬೀಸತೊಡಗಿದರು. ಕಿವುಡರ ಚಪ್ಪಾಳೆ ಅದು. ಪಿಯಾನೋದವನು ಬೆಂಕಿ ಬಿತ್ತೇನೋ ಎಂದು ಗಾಬರಿಯಾಗಿ ನುಡಿಸುವುದನ್ನೇ ನಿಲ್ಲಿಸಿದ.

"ಏನಾಯ್ತು? ಅಲ್ಲೇನಂದ್ರಿ ನೀವು?" ಆಂಬ್ರೋಸ್ ಪಿಸುಗುಟ್ಟಿದ.

"ಅಮ್ಮನ್ನ ಕೇಳಿ."

ಕೇಳುವ ಅಗತ್ಯವಿರಲಿಲ್ಲ. ಇವರ ಮುಂದಿನ ಸಾಲಿನಿಂದಲೇ ಮಿಸೆಸ್ ಲಾಟ್ ತಿರುಗಿ ನಿಂತಿದ್ದರು. "ನಗದೇ ಕೇಳ್ತೀನಿ, ಹೇಳ್ರೀ ಅಂದ್ಲು! ಮದ್ವೆ ಆಗ್ತೀನಿ ಅಂದ್ಲು! ಈರುಳ್ಳಿ ಮಾತ್ರ ಬಿಡ್ಬೇಕಂತೆ!"

ಇಡೀ ಹಾಲ್ ಇವನತ್ತ ತಿರುಗಿತು. ತೆರೆಯ ಮೇಲಿನ ಮುಖವೇ ಕುರ್ಚಿಯಲ್ಲಿ ಕುಳಿತಿದೆ! ನಗೆಯ ಅಲೆ ಎದ್ದಿತು. ಆಂಬ್ರೋಸ್ ಮೊಣಕಾಲೂರಲು ಹೋಗಿ ಎರಡು ಸಾಲುಗಳ ನಡುವೆ ಸಿಕ್ಕಿಕೊಂಡ. ನಗೆ ಇನ್ನೂ ಹೆಚ್ಚಿತು. ಅವನು ಭಯದಿಂದ ಹೆಸ್ಟರ್‌ಳ ಮುಖ ನೋಡಿದ. ಅವಳು ನಗುತ್ತಿರಲಿಲ್ಲ. ಕಣ್ಣು ತುಂಬಿತ್ತು.

"ನೀವು ನಗಲ್ವಾ?"

"ಆಮೇಲೆ ಜೀವಮಾನ ಪೂರ್ತಿ ನಗ್ತೀನಿ. ಈಗ ಹೇಳಿ."

ಅವನು ಹೇಳಿದ. ಸುಮ್ಮನೆ, ನೇರವಾಗಿ, ಯಾವ ಮುಖವನ್ನೂ ಮಾಡದೆ. ನಗೆ ತಾನಾಗಿ ನಿಂತಿತು. ಕಿವಿ ಇದ್ದವರಿಗೆ ಕೇಳಿಸಿತು, ಇಲ್ಲದವರಿಗೆ ಕಾಣಿಸಿತು.

"ಆದ್ರೆ ಸೋಮವಾರ..." ಎಂದಳು ಹೆಸ್ಟರ್, ತಾಯಿಯತ್ತ ನೋಡುತ್ತಾ. "ಅಮ್ಮನ್ನ ಬಿಟ್ಟು ನಾನು ಹೇಗೆ..."

ಮಿಸೆಸ್ ಲಾಟ್ ಅವಳ ತುಟಿಯಿಂದ ಅದನ್ನೂ ಕಿತ್ತುಕೊಂಡರು. "ಬಿಟ್ಟು ಹೋಗು ಅಂದೋರ್ಯಾರು? ಸಿನಿಮಾ ಮಾಡೋ ಜಾಗಕ್ಕೇ ಹೋದ್ರೆ ಟಿಕೆಟ್ ಇಲ್ದೇ ನೋಡ್ಬಹುದು." ಅವರು ಕೋಟಿನ ಗುಂಡಿ ಹಾಕಿಕೊಂಡು, ಇನ್ನೂ ಸಿಕ್ಕಿಕೊಂಡೇ ಇದ್ದ ಅಳಿಯನ ಕಡೆ ಬಾಗಿದರು. "ಏಯ್, ಅಲ್ಲಿ ಎಲೆಕೋಸು ಸಿಗುತ್ತೇನಯ್ಯಾ?"