ಅಜ್ಜಿಯ ಫೋನಿನಲ್ಲಿ ಬರೀ ಡಬ್ಬಿ

ಮಾದಿಹಳ್ಳಿ ಕಡೆಯಿಂದ ಮೂರನೇ ಬಸ್ಸೂ ಬಂತು. ಅದರಿಂದಲೂ ಅಜ್ಜಿ ಇಳಿಯಲಿಲ್ಲ.

ಧನುಶ್ರೀಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಹಳೇಬೀಡು ಬಸ್ ಸ್ಟ್ಯಾಂಡಿನ ಈ ಕಂಬದಿಂದ ಆ ಕಂಬಕ್ಕೆ ನಡೆದಳು. ಬರುವ ಬಸ್ಸುಗಳ ಬೋರ್ಡನ್ನೆಲ್ಲ ಜೋರಾಗಿ ಓದಿದಳು. ಬೋರ್ಡ್ ಕಂಡರೆ ಎಲ್ಲರಿಗಿಂತ ಮೊದಲು ಓದುವುದು ಅವಳ ಅಭ್ಯಾಸ.

"ಫೋನ್ ಮಾಡಿ ಕೇಳೋಣ್ವೇನೇ?" ಎಂದರು ಅಪ್ಪ ಭೀಮರಾಜ್.

"ಬೇಡಪ್ಪ. ನಿನ್ನ ಹೊಸ ಫೋನಿಂದ ಕನ್ನಡದಲ್ಲೇ ಮೆಸೇಜ್ ಕಳ್ಸಿದೀನಿ. ಅಜ್ಜಿಗೆ ಈಗ ಓದೋಕೆ ಬರುತ್ತಲ್ಲ."

ಅಜ್ಜಿ ಮುನಿಯಮ್ಮ ಆರು ತಿಂಗಳಿಂದ ಊರಿನ ಸಾಕ್ಷರತಾ ಕ್ಲಾಸಿಗೆ ಹೋಗುತ್ತಿದ್ದರು. ಇವತ್ತು ದೇವಸ್ಥಾನದ ಮುಂದಿನ ಬೋರ್ಡನ್ನು ಅವರಿಂದಲೇ ಓದಿಸಬೇಕೆಂದು ಧನುಶ್ರೀ ಅರಸೀಕೆರೆಯಿಂದ ಬಂದಿದ್ದಳು. ಬರಬಾರದಿತ್ತಾ ಅಜ್ಜಿ? ಅವಳಿಗೆ ಅಳುವಷ್ಟು ಕೋಪ ಬಂತು.

ಕೊನೆಗೆ ಇಬ್ಬರೂ ಮಾದಿಹಳ್ಳಿಗೇ ಹೋದರು. ಅಜ್ಜಿ ಜಗಲಿಯ ಮೇಲೆ ಸುಮ್ಮನೆ ಕುಳಿತಿದ್ದರು.

"ಮೆಸೇಜ್ ನೋಡಿಲ್ವಾ ಅಜ್ಜಿ?"

"ನೋಡ್ದೆ ಮಗಾ." ಅಜ್ಜಿ ತಲೆ ತಗ್ಗಿಸಿದರು. "ಬರೀ ಡಬ್ಬಿ ಡಬ್ಬಿ ಕಾಣ್ತು. ಕಲ್ತಿದ್ದೆಲ್ಲ ಮರ್ತೋಯ್ತು ಅಂದ್ಕಂಡೆ. ಯಾರ್‍ನಾದ್ರೂ ಕೇಳಾಕೆ ನಾಚ್ಕೆ ಆಯ್ತು. ಪುಸ್ತಕ ಅಟ್ಟಕ್ಕೆ ಹಾಕ್ದೆ. ಇನ್ ಕ್ಲಾಸಿಗೆ ಹೋಗಾಕಿಲ್ಲ."

ಧನುಶ್ರೀ ಅಜ್ಜಿಯ ಫೋನ್ ಇಸಿದುಕೊಂಡು ನೋಡಿದಳು. ಸಾಲಾಗಿ ಖಾಲಿ ಚೌಕಗಳು. ಒಂದಕ್ಷರವೂ ಇಲ್ಲ.

"ಒಂದೊಂದು ಕಂಪನಿಯವ್ರು ಫೋನೊಳಗೆ ಒಂದೊಂದು ಥರ ಸಾಫ್ಟ್‌ವೇರ್ ಹಾಕ್ತಾರೆ ಕಣವ್ವ," ಎಂದರು ಅಪ್ಪ. "ನನ್ನ ಫೋನಲ್ಲಿ ಕನ್ನಡ ಐತೆ, ನಿನ್ನದ್ರಲ್ಲಿಲ್ಲ. ಅದಕ್ಕೇ ಡಬ್ಬಿ ತೋರಿಸ್ತದೆ."

ಧನುಶ್ರೀ ಅಪ್ಪನ ಫೋನಿನಲ್ಲಿ ಅದೇ ಮೆಸೇಜ್ ತೆರೆದು ಹಿಡಿದಳು. ಅಜ್ಜಿ ಕಣ್ಣು ಕಿರಿದು ಮಾಡಿದರು.

"ಅ... ಜ್ಜಿ... ಬಸ್... ಸ್ಟ್ಯಾಂಡಿಗೆ... ಬಾ." ತಲೆ ಎತ್ತಿದರು. "ಈಗ ಹೋಗಾನೇನೇ?"

ಅಪ್ಪ ನಕ್ಕರು. ಧನುಶ್ರೀಗೆ ನಗು ಬರಲಿಲ್ಲ. ತನ್ನ ಕೋಪ ನೆನೆದು ನಾಚಿಕೆಯಾಯಿತು. ಸ್ಟೂಲ್ ಹತ್ತಿ ಅಟ್ಟದಿಂದ ಪುಸ್ತಕ ಇಳಿಸಿ, ಧೂಳು ಒರೆಸಿ ಅಜ್ಜಿಯ ಕೈಗೆ ಕೊಟ್ಟಳು.

ಮೂವರೂ ರಸ್ತೆಗೆ ಬರುವಷ್ಟರಲ್ಲಿ ಬಸ್ ಬಂದು ನಿಂತಿತು. ಬೋರ್ಡ್ ಆಗಲೇ ಧನುಶ್ರೀಯ ನಾಲಿಗೆ ತುದಿಗೆ ಬಂದಿತ್ತು. ಅವಳು ತುಟಿ ಕಚ್ಚಿದಳು.

"ಹ... ಳೇ..." ಅಜ್ಜಿ ಬೆರಳೆತ್ತಿ ಶುರು ಮಾಡಿದರು.

"ಬೇಗ ಹತ್ರೀ," ಎಂದ ಕಂಡಕ್ಟರ್.

ಧನುಶ್ರೀ ಬಾಗಿಲ ಕಂಬಿ ಹಿಡಿದು, ಅಜ್ಜಿ ಓದಿ ಮುಗಿಸುವವರೆಗೂ ಕಾದಳು.