ಗೋಡೆಗೆ ಮುಖ ಮಾಡಿದ ಗಾಡಿ

"ಸೀಟಿನ ಕೆಳಗಿರೋ ತಗಡು ಮಾತ್ರ ಕೀಳಬೇಡ ಮಾರಾಯ. ನನ್ನ ಮಗು ಇದೆ ಒಳಗೆ."

ಭದ್ರಾವತಿ ನ್ಯೂ ಟೌನಿನ ಶೆಡ್ಡೊಂದರಲ್ಲಿ, ತೊಂಬತ್ತರ ಹತ್ತಿರದ ಸುಭದ್ರಮ್ಮ ಹೀಗೆಂದಾಗ ವೀರೇಂದ್ರನಿಗೆ ನಗು ಬಂತು. ಹಳೆಯ ವಾಹನ ಕೊಂಡು ಹೊಚ್ಚ ಹೊಸದು ಮಾಡುವುದು ಶಿವಮೊಗ್ಗದ ಈ ಮನುಷ್ಯನ ಕಸುಬು. ದೆವ್ವ, ಮಾಟ ಎಂದರೆ ಅವನಿಗೆ ಬರೀ ತಮಾಷೆ. "ಇರ್ಲಿ ಬಿಡಿ ಅಜ್ಜಿ, ಅದಕ್ಕೂ ಒಂದು ರೌಂಡು ಹೊಡೆಸ್ತೀನಿ" ಎಂದ. ಮುದುಕಿ ನಗಲಿಲ್ಲ. ಶೆಡ್ಡು ಬೀಳಿಸುವ ದಿನ ಬಂದಿರದಿದ್ದರೆ ಅವಳು ಆ ಗಾಡಿಯನ್ನು ಮಾರುತ್ತಲೂ ಇರಲಿಲ್ಲ. "ಗೋಡೆಗೆ ಮುಖ ಮಾಡಿ ನಿಲ್ಲಿಸಬೇಡ" ಎಂದು ಇನ್ನೊಂದು ಮಾತು ಸೇರಿಸಿದಳು.

ಗಾಡಿ ಮೂರು ಚಕ್ರದ್ದು, ಮೊಟ್ಟೆಯ ಹಾಗೆ ದುಂಡಗೆ. ಇರುವುದೊಂದೇ ಬಾಗಿಲು, ಅದೂ ಮೂತಿಯಲ್ಲಿ. ರಿವರ್ಸ್ ಗೇರ್ ಇಲ್ಲವೇ ಇಲ್ಲ. ಮಹಾಯುದ್ಧದಲ್ಲಿ ಸೋತ ಜರ್ಮನರಿಗೆ ಇನ್ನು ವಿಮಾನ ಮಾಡಕೂಡದೆಂದು ಗೆದ್ದವರು ತಾಕೀತು ಮಾಡಿದರು. ಬಾಂಬು ಹೊರುವ ವಿಮಾನ ಕಟ್ಟಿದ ಕೈಗಳೇ ಆಮೇಲೆ ಹೊಟ್ಟೆಪಾಡಿಗೆ ಇಂಥ ಗಾಡಿಗಳನ್ನು ಕಟ್ಟಿದವು. ಭದ್ರಾವತಿಗೆ ಕೆಲಸದ ಮೇಲೆ ಬಂದಿದ್ದ ಒಬ್ಬ ಜರ್ಮನ್ ಇಂಜಿನಿಯರ್, ಊರಿಗೆ ಮರಳುವಾಗ ಇದನ್ನು ಸುಭದ್ರಮ್ಮನ ಗಂಡನಿಗೆ ಕೊಟ್ಟು ಹೋಗಿದ್ದ.

ಸುಭದ್ರಮ್ಮನ ಒಬ್ಬಳೇ ಮಗಳು ಗಿರಿಜೆ ಕಣ್ಣಾಮುಚ್ಚಾಲೆ ಆಡುತ್ತ ಅದರೊಳಗೆ ಅಡಗಿದಳು. ಗಾಡಿ ಜಾರಿ ಗೋಡೆಗೆ ಮೂತಿ ಒತ್ತಿ ನಿಂತಿತು. ಬಾಗಿಲು ತೆರೆಯಲಿಲ್ಲ. ಊರೆಲ್ಲ ಹುಡುಕಿ ಶೆಡ್ಡಿಗೆ ಬಂದಾಗ ಗಾಜಿನ ಒಳಗೆಲ್ಲ ಉಸಿರಿನ ಮಂಜು, ಮಂಜಿನ ಮೇಲೆ ಪುಟ್ಟ ಅಂಗೈಗಳ ಗುರುತು.

ಮಣ್ಣು ಮಾಡಿ ಬಂದರೂ ತಾಯಿ ಮಗಳನ್ನು ಬಿಡಲಿಲ್ಲ. ಘಟ್ಟದ ಕೆಳಗಿನಿಂದ ಮಾಟಗಾರನನ್ನು ಕರೆಸಿದಳು. ಮಗುವಿನ ಕೂದಲನ್ನೂ ಲಂಗದ ಚೂರನ್ನೂ ತಾಮ್ರದ ತಗಡಿನಲ್ಲಿ ಮಡಿಸಿ ಸೀಟಿನ ಕೆಳಗೆ ಮೊಳೆ ಹೊಡೆಸಿದಳು. ಹೋದವಳು ಹೋಗದ ಹಾಗೆ ಕಟ್ಟು ಅದು. "ಕಿತ್ತರೆ ಈ ಮಗು ತನ್ನ ಜೊತೆಗೆ ಇನ್ನೊಂದು ಮಗೂನ ಹುಡುಕುತ್ತೆ. ಬಿಡಿಸ್ಬೇಕು ಅಂದ್ರೆ ಹೆತ್ತವಳೇ ಬಾಯಿಬಿಟ್ಟು ಹೋಗು ಅನ್ಬೇಕು" ಎಂದಿದ್ದನಂತೆ ಮಾಟಗಾರ. ಆ ಮಾತು ಸುಭದ್ರಮ್ಮನ ಬಾಯಿಗೆ ಬರಲೇ ಇಲ್ಲ. ಮನೆಬಾಗಿಲಿಗೆ ಬಂದ ಹಾಲಿನವನಿಗೂ ನಾವು ಹೋಗಿ ಬಾ ಎನ್ನುವ ಜನ. ಹೆತ್ತ ಮಗಳಿಗೆ ಬರೀ ಹೋಗು ಎನ್ನುವುದು ಹೇಗೆ?

"ಕತೆ ಚೆನ್ನಾಗಿದೆ ಅಜ್ಜಿ" ಎಂದು ವೀರೇಂದ್ರ ಗಾಡಿಯನ್ನು ಲಾರಿಗೆ ಹತ್ತಿಸಿದ.

ವಿನೋಬನಗರದ ಮನೆಗೆ ತಂದು ಅವನು ಮಾಡಿದ ಮೊದಲ ಕೆಲಸವೇ ಆ ತಗಡು ಕಿತ್ತದ್ದು. ಹಟಮಾರಿ ಬುದ್ಧಿ, ಏನು ಮಾಡುವುದು. ಮೊಳೆ ಕಿರ್ರೆಂದು ಚೀರಿತು. ಸೀಟಿನಡಿಯಿಂದ ಹರಳೆಣ್ಣೆ, ಸೀಗೆಪುಡಿಯ ವಾಸನೆ ಎದ್ದು ಬಂತು, ಆಗತಾನೇ ತಲೆಗೆ ನೀರು ಹಾಕಿಸಿಕೊಂಡ ಮಗು ಮಗ್ಗುಲಲ್ಲಿ ಕೂತ ಹಾಗೆ. ಹಳೆ ಗ್ರೀಸು ಅಂದುಕೊಂಡ. ಗ್ರೀಸಿಗೂ ಸೀಗೆಪುಡಿಗೂ ವ್ಯತ್ಯಾಸ ತಿಳಿಯದವನೇನಲ್ಲ ಅವನು. ತಗಡು ಗುಜರಿ ಸೇರಿತು.

ತುಕ್ಕು ತಿಂದ ತೂತುಗಳನ್ನೆಲ್ಲ ಬೆಸೆದ. ಬಾಗಿಲಿಗೆ ಹೊಸ ರಬ್ಬರ್ ಕೂರಿಸಿದ. ಸೀಳಿದ ಗಾಜು ತೆಗೆದು, ಹೊಡೆದರೂ ಒಡೆಯದ ದಪ್ಪ ಪ್ಲಾಸ್ಟಿಕ್ ಗಾಜು ಹಾಕಿಸಿದ. "ಗಾಳಿ ನುಗ್ಗೋಕೂ ಸಂದಿಲ್ಲ ನೋಡೇ" ಎಂದು ಹೆಂಡತಿ ಸಮತಾಳ ಮುಂದೆ ಕೊಚ್ಚಿಕೊಂಡ.

ಆದರೆ ದಿನಾ ಬೆಳಗ್ಗೆ ಗಾಜಿನ ಒಳಮೈಗೆ ಮಂಜು ಕಟ್ಟಿರುತ್ತಿತ್ತು. ಒರೆಸಿದರೆ ಮರುದಿನ ಮತ್ತೆ.

"ಯಾಕೋ ಸರಿ ಕಾಣ್ತಿಲ್ಲ ಕಣ್ರೀ" ಎಂದಳು ಸಮತಾ.

"ತೇವ ಮಾರಾಯ್ತಿ, ಬರೀ ತೇವ."

ಅವರ ಮಗಳು, ಇನ್ನೂ ಹಾಲುಹಲ್ಲು ಬೀಳದ ಅಮೂಲ್ಯ, ಬಿಸ್ಕತ್ತು ಕೊಟ್ಟಾಗಲೆಲ್ಲ ಇನ್ನೊಂದು ಕೇಳತೊಡಗಿದಳು. ಯಾರಿಗೆಂದರೆ, "ಗಾಡಿ ಅಕ್ಕಂಗೆ." ಅಪ್ಪ ಅದಕ್ಕೂ ನಕ್ಕ.

ಆಯುಧಪೂಜೆ ಬಂತು. ಹೊಳೆಯುವ ಗಾಡಿ ತೋರಿಸಿ ಅಜ್ಜಿಯ ಬಾಯಿ ಮುಚ್ಚಿಸಬೇಕೆಂಬ ಚಪಲಕ್ಕೆ ವೀರೇಂದ್ರ ತಾನೇ ಭದ್ರಾವತಿಗೆ ಹೋಗಿ ಸುಭದ್ರಮ್ಮನನ್ನು ಕರೆತಂದ. ಅವನ ಮನೆಯ ಶೆಡ್ಡಿನಲ್ಲಿ ಚೆಂಡುಹೂವು, ಕುಂಕುಮ, ಊದುಬತ್ತಿ. ಚಕ್ರಗಳಡಿ ಒಂದೊಂದು ನಿಂಬೆಹಣ್ಣು. ಮುದುಕಿ ಹೊಸ್ತಿಲಲ್ಲೇ ನಿಂತುಬಿಟ್ಟಳು.

"ಗೋಡೆಗೆ ಮುಖ ಮಾಡಿದ್ದೀಯಲ್ಲೋ."

"ಪೂಜೆಗೆ ಪೂರ್ವಕ್ಕೇ ನಿಲ್ಲಿಸ್ಬೇಕಲ್ಲ ಅಜ್ಜಿ. ಪೂರ್ವಕ್ಕೆ ಗೋಡೆ ಇದ್ರೆ ನಾನೇನ್ ಮಾಡ್ಲಿ? ಬ್ರೇಕ್ ಎಳೆದಿದೀನಿ, ಮಧ್ಯೆ ಜಾಗ ಬಿಟ್ಟಿದೀನಿ."

ಪಿಚಕ್ಕೆಂದು ಸದ್ದಾಯಿತು.

ನಿಂಬೆಹಣ್ಣು. ಚಕ್ರ ಅದರ ಮೇಲೆ ಹತ್ತಿತ್ತು. ಎಂಜಿನ್ ಓಡುತ್ತಿರಲಿಲ್ಲ. ಯಾರೂ ತಳ್ಳಿರಲಿಲ್ಲ. ಗಾಡಿ ಮೆಲ್ಲಗೆ ಮುಂದೆ ಸರಿಯಿತು. ಗೋಡೆಗೆ ಮೂತಿ ಒತ್ತಿ ನಿಂತಿತು.

ಒಳಗಿನಿಂದ ಒಂದು ಪುಟ್ಟ ಕೈ ಗಾಜಿಗೆ ತಾಗಿತು. ಅಮೂಲ್ಯಳ ಕೈ. ಅವಳು ಯಾವಾಗ ಹೊಕ್ಕಳೋ ಯಾರೂ ನೋಡಿರಲಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಕೈಯ ಗುರುತು ಮೂಡಿತು. ಆ ಕೈ ಮಾತ್ರ ಕಾಣಲಿಲ್ಲ.

ವೀರೇಂದ್ರ ಹಿಂದಿನಿಂದ ಹಿಡಿದು ಎಳೆದ. ಇಬ್ಬರು ಸೇರಿದರೆ ಸುಲಭವಾಗಿ ಸರಿಸಬಹುದಾದ ಗಾಡಿ. ಅಲುಗಲಿಲ್ಲ. ಸಮತಾ ಕೈಹಾಕಿದಳು. ಅಲುಗಲಿಲ್ಲ. ಸುತ್ತಿಗೆ ತಂದು ಹೊಡೆದ. ಪ್ಲಾಸ್ಟಿಕ್ಕಿಗೆ ತಾಗಿ ಪುಟಿಯಿತು. ಮತ್ತೆ ಹೊಡೆದ. ಪುಟಿಯಿತು. ಮಂಜು ದಟ್ಟವಾಯಿತು. ಅಮೂಲ್ಯಳ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಸದ್ದು ಹೊರಗೆ ಬರುತ್ತಿರಲಿಲ್ಲ. ಗಾಳಿಗೂ ಸಂದಿಲ್ಲದ ಹಾಗೆ ಮುಚ್ಚಿದವನು ಅವನೇ.

ಸುಭದ್ರಮ್ಮ ಗೋಡೆ ಹಿಡಿದು ಬಂದು ಗಾಜಿನ ಮೇಲೆ ಕೈಯಿಟ್ಟಳು. "ಗಿರಿಜಾ, ಬಿಡೇ ಅವಳನ್ನ." ಏನೂ ಆಗಲಿಲ್ಲ. "ಹೋಗಿ ಬಾ ಕಂದಾ" ಎಂದಳು. ಮಂಜು ಇನ್ನೂ ಕವಿಯಿತು. ಅಮೂಲ್ಯಳ ಕೈ ಗಾಜಿನಿಂದ ಜಾರಿತು.

ಸಮತಾ ಮುದುಕಿಯ ಕಾಲು ಹಿಡಿದಳು. "ನಂಗೂ ಇರೋದು ಒಬ್ಳೇ ಅಜ್ಜಿ."

ಸುಭದ್ರಮ್ಮ ಕಣ್ಣು ಮುಚ್ಚಿಕೊಂಡಳು. ಆಯುಷ್ಯವಿಡೀ ನುಂಗಿಕೊಂಡಿದ್ದ ಮಾತು ಕಡೆಗೂ ಹೊರಬಂತು.

"ಹೋಗು."

ಗಾಡಿ ಹಿಂದಕ್ಕೆ ಉರುಳಿತು. ಹಿಂದಕ್ಕೆ ಹೋಗಲು ಬಾರದ ಗಾಡಿ. ಬಾಗಿಲು ತಾನಾಗಿ ತೆರೆದುಕೊಂಡಿತು, ಸೀಗೆಪುಡಿಯ ವಾಸನೆ ಎಲ್ಲರನ್ನೂ ಸವರಿಕೊಂಡು ಹೊರಗೆ ಹೋಯಿತು. ವೀರೇಂದ್ರ ನೀಲಿಗಟ್ಟಿದ ಮಗಳನ್ನು ಎಳೆದುಕೊಂಡ. ಬೆನ್ನು ತಟ್ಟಿದ. ಅಮೂಲ್ಯ ಕೆಮ್ಮಿದಳು, ಉಸಿರೆಳೆದಳು, ಅತ್ತಳು. ವೀರೇಂದ್ರನೂ ಅತ್ತ, ನಾಚಿಕೆಯಿಲ್ಲದೆ.

ಎಷ್ಟೋ ಹೊತ್ತಿನ ಮೇಲೆ ಮುದುಕಿ ಮಗುವಿನ ಹತ್ತಿರ ಕುಕ್ಕರಿಸಿದಳು.

"ಅಕ್ಕ ನಿನ್ನ ಹತ್ರ ಏನಾದ್ರೂ ಅಂದ್ಲಾ ಪುಟ್ಟಿ?"

"ಅಮ್ಮ ಬಾಗಿಲು ತೆಗೀತಾನೇ ಇಲ್ಲ ಅಂದ್ಲು. ಆವತ್ತಿಂದ ಉಸಿರು ಕಟ್ತಾನೇ ಇದೆಯಂತೆ."

ಸಮತಾ ಮಗಳ ಬಾಯಿ ಮುಚ್ಚಲು ಹೋದಳು. ಸುಭದ್ರಮ್ಮ ಬೇಡವೆಂದು ಕೈಯಾಡಿಸಿದಳು. ಅವಳಿಗೆ ಇನ್ನೊಂದೇ ಒಂದು ಕೇಳಬೇಕಿತ್ತು.

"ಹೋಗುವಾಗ ನನ್ನ ಕಡೆ ತಿರುಗಿ ನೋಡಿದ್ಲಾ?"

"ಇಲ್ಲ ಅಜ್ಜಿ. ಓಡಿಹೋದ್ಲು."