ಹೋಗೋ ‘ಬರ್ತೀನಿ’, ಬರೋ ‘ಬರ್ತೀನಿ’

ವಿಮಾನದ ಟಿಕೆಟ್ ಮಾರುವವನೇ “ವಿಮಾನದಲ್ಲಿ ಹೋಗ್ಬೇಡಿ ಮೇಡಂ” ಎಂದರೆ ಯಾರಿಗೆ ತಾನೇ ಅನುಮಾನ ಬರುವುದಿಲ್ಲ? ಅದರಲ್ಲೂ ಇವಳಿಗೆ! ಮನೆಯಲ್ಲಿ ಇವಳ ಅಡ್ಡಹೆಸರೇ ಪತ್ತೇದಾರಿ.

ಆ ಕಟ್ಟಡದ ಮೊದಲ ಮಹಡಿಯಲ್ಲಿ ಕನ್ನಡಕದ ಅಂಗಡಿ. ಅಲ್ಲಿ ಕಣ್ಣು ಪರೀಕ್ಷೆ ಮಾಡುವುದು ಅವಳ ಕೆಲಸ. ಕೆಳಗೆ, ಮೆಟ್ಟಿಲ ಪಕ್ಕದಲ್ಲೇ, ಅವನ ಟ್ರಾವೆಲ್ಸ್. ದೂರದ ನಗರವೊಂದರ ಕಣ್ಣಾಸ್ಪತ್ರೆಯಲ್ಲಿ ಅವಳಿಗೆ ಒಳ್ಳೆಯ ಕೆಲಸ ಸಿಕ್ಕಿತ್ತು. ವಿಮಾನದಲ್ಲಾದರೆ ಎರಡು ಗಂಟೆ, ಕಾರಿನಲ್ಲಾದರೆ ಎರಡು ದಿನ. ಇದರಲ್ಲಿ ಯೋಚನೆ ಮಾಡುವಂಥದ್ದೇನಿದೆ ಎಂದುಕೊಂಡೇ ಅವಳು ಮೆಟ್ಟಿಲಿಳಿದು ಬಂದಿದ್ದಳು.

“ಹೋಗಿ ಬರೋದಕ್ಕಾ, ಬರೀ ಹೋಗೋದಕ್ಕಾ?” ಅವನು ಕಂಪ್ಯೂಟರಿನಿಂದ ತಲೆ ಎತ್ತದೆ ಕೇಳಿದ.

“ಬರೀ ಹೋಗೋದಕ್ಕೆ. ಎರಡು ಟಿಕೆಟ್. ಮನೆ ಸೆಟ್ ಮಾಡೋಕೆ ಚಿಕ್ಕಮ್ಮನೂ ಬರ್ತಾಳೆ.”

ಕೀಬೋರ್ಡಿನ ಸದ್ದು ನಿಂತಿತು. ಅವನು ತಲೆ ಎತ್ತಿದ. ಅವನ ನೋಟ ಅವಳ ಮುಖದ ತನಕ ಬಂದು, ಕಿವಿಯೋಲೆಯ ಹತ್ತಿರ ಸ್ವಲ್ಪ ಹೊತ್ತು ನಿಂತು, ಆಮೇಲೆ ಗಾಬರಿಬಿದ್ದು ಮೇಜಿನ ಮೇಲಿನ ಸ್ಟೇಪ್ಲರ್ ಮೇಲೆ ಹೋಗಿ ಕೂತಿತು.

“ವಿಮಾನದಲ್ಲಿ ಹೋಗ್ಬೇಡಿ ಮೇಡಂ. ಕಾರಲ್ಲಿ ಹೋಗಿ.”

“ಯಾಕೆ?”

“ದಾರಿ ಚೆನ್ನಾಗಿದೆ.”

“ಯಾರ ಕಾರು?”

“ನಂದೇ.”

“ಓಡಿಸೋರು?”

“ಅದೂ… ನಾನೇ,” ಎಂದು ಸ್ಟೇಪ್ಲರಿಗೆ ಹೇಳಿದ.

ಅವಳು ತುಟಿ ಬಿಗಿಹಿಡಿದು ಎರಡು ವಿಮಾನದ ಟಿಕೆಟ್ಟನ್ನೇ ತೆಗೆಸಿಕೊಂಡು ಮೆಟ್ಟಿಲು ಹತ್ತಿದಳು. ತನ್ನ ವ್ಯಾಪಾರಕ್ಕೆ ತಾನೇ ಕಲ್ಲು ಹಾಕಿಕೊಳ್ಳುವ ಮನುಷ್ಯನ ಹೊಟ್ಟೆಯಲ್ಲಿ ಏನೋ ಇರಲೇಬೇಕು.

ಸಂಜೆ ಮನೆಯಲ್ಲಿ ಟಿಕೆಟ್ ತೋರಿಸಿದಾಗ ಚಿಕ್ಕಮ್ಮ ಮುಖ ಹುಳ್ಳಗೆ ಮಾಡಿದಳು. “ವಿಮಾನನಾ? ನನ್ನ ಕಿವಿ ತಡೆಯಲ್ವಲ್ಲೇ.”

“ಹೋದ ವರ್ಷ ಮಗಳ ಮನೆಗೆ ಹೋದಾಗ ಕಿಟಕಿ ಸೀಟು ಬೇಕು ಅಂತ ಜಗಳ ಆಡಿದ್ದೆಯಂತೆ?”

“ಅದು ಹೋದ ವರ್ಷದ ಕಿವಿ.”

ಅಷ್ಟು ಹೇಳಿ ಚಿಕ್ಕಮ್ಮ ಎಡಗಿವಿಗೆ ಹತ್ತಿ ತುರುಕಿಕೊಂಡಳು. ಮಾರನೆಯ ದಿನ ನೋಡಿದರೆ ಹತ್ತಿ ಬಲಗಿವಿಯಲ್ಲಿತ್ತು. ಪತ್ತೇದಾರಿ ಏನೂ ಕೇಳಲಿಲ್ಲ, ನೋಡಿಕೊಂಡಳು ಅಷ್ಟೇ.

ಅವಳನ್ನು ಹೀಗೆ ಮಾಡಿದ್ದು ಅವಳ ಕೆಲಸವೇ. ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕೂತವರೆಲ್ಲ ಒಂದಲ್ಲ ಒಂದು ಸುಳ್ಳು ಹೇಳುತ್ತಾರೆ. ಲೈಸೆನ್ಸ್ ಬೇಕಾದವರು ಅಕ್ಷರಗಳನ್ನು ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಶಾಲೆಯ ಹುಡುಗಿಯರು ಗೆಳತಿಯದರಂಥದೇ ಕನ್ನಡಕ ಬೇಕೆಂದು ಕುರುಡರಾಗುತ್ತಾರೆ. ಗೋಡೆಯೇ ಸರಿಯಾಗಿ ಕಾಣದ ಅಜ್ಜಂದಿರು ಎಲ್ಲಾ ಕಾಣುತ್ತೆ ಎಂದು ಎದೆ ಸೆಟೆಸುತ್ತಾರೆ. ಇವರ ನಡುವೆ ಪಳಗಿದ ಹೆಣ್ಣು ಯಾರನ್ನಾದರೂ ಸುಮ್ಮನೆ ನಂಬುವುದುಂಟೇ?

ಟ್ರಾವೆಲ್ಸಿನವನ ಮೇಲಂತೂ ಅವಳಿಗೆ ಹಳೆಯ ಅನುಮಾನವೇ ಇತ್ತು. ಅವನು ಈಗಾಗಲೇ ಮೂರು ಸಲ ಕಣ್ಣು ತೋರಿಸಿಕೊಂಡು ಹೋಗಿದ್ದ. ಪ್ರತಿ ಸಲವೂ ಕೊನೆಯ ಸಾಲಿಗೆ ಬಂದಾಗ ತೊದಲುತ್ತಿದ್ದ. ಕಣ್ಣು ಮಂಜಾದವರು ಪ-ವ-ಷ ಅದಲುಬದಲು ಮಾಡುತ್ತಾರೆ, ದ-ಧ-ಥ ಕಲಸುತ್ತಾರೆ. ಇವನೋ, ದುಂಡಗಿನ ‘ಠ’ ತೋರಿಸಿದರೆ ‘ಜ’ ಎನ್ನುತ್ತಿದ್ದ. ಯಾವ ಮಂಜುಗಣ್ಣಿಗೂ ‘ಠ’ ‘ಜ’ ಆಗಿ ಕಾಣುವುದಿಲ್ಲ.

ಹಾಗಾದರೆ ಯಾಕೆ ಬರುತ್ತಾನೆ? ಎದುರು ಸಾಲಿನಲ್ಲಿ ಹೊಸ ಕನ್ನಡಕದ ಅಂಗಡಿ ಬಂದಿತ್ತು. ಅವರ ಕಡೆಯವನಿರಬಹುದು ಎಂದು ಒಂದಿಷ್ಟು ದಿನ ಕಣ್ಣಿಟ್ಟಿದ್ದಳು. ಹಾಗೆ ಕಣ್ಣಿಟ್ಟಾಗಲೇ ಅವಳಿಗೆ ತಿಳಿದದ್ದು, ಅವನು ನಗುವಾಗ ಎಡಗಣ್ಣು ಬಲಗಣ್ಣಿಗಿಂತ ಸ್ವಲ್ಪ ಮುಂಚೆ ಮುಚ್ಚಿಕೊಳ್ಳುತ್ತದೆ ಎಂದು. ಈ ವಿಷಯವನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಅವನೇ ಮೇಲೆ ಬಂದ. ಅವಳು ಲೆನ್ಸಿನ ಪೆಟ್ಟಿಗೆ ಒರೆಸುತ್ತಿದ್ದಳು.

“ಕಾರಿನ ವಿಷಯ ಏನು ಯೋಚನೆ ಮಾಡಿದ್ರಿ?”

“ಬನ್ನಿ, ಕೂತ್ಕೊಳ್ಳಿ,” ಎಂದು ಕುರ್ಚಿ ತೋರಿಸಿ ಚಾರ್ಟಿನ ದೀಪ ಹಾಕಿದಳು. “ಕೊನೆ ಸಾಲು ಓದಿ.”

ಅಭ್ಯಾಸಬಲ! ಅವನು ಕೂತವನೇ ಕಣ್ಣು ಕಿರಿದು ಮಾಡಿ, “ವ… ಗ… ಜ…” ಎಂದುಬಿಟ್ಟ.

“ಇಷ್ಟು ಕಾಣದವರ ಕಾರಲ್ಲಿ ಚಿಕ್ಕಮ್ಮನ್ನ ಕೂರಿಸಿಕೊಂಡು ಎರಡು ದಿನ ಹೋಗ್ಲಾ? ನನಗೇನು ತಲೆ ಕೆಟ್ಟಿದ್ಯಾ?”

ಅವನು ಚಾರ್ಟ್ ನೋಡಿದ, ಅವಳನ್ನು ನೋಡಿದ. ಆಮೇಲೆ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ.

“ರಸ್ತೆ ಆ ಕಡೆ, ಬೀಗ ರಿಪೇರಿಯವನ ಬಾಗಿಲಿಗೆ ಒಂದು ಚೀಟಿ ಅಂಟಿಸಿದೆ. ‘ಊಟಕ್ಕೆ ಹೋಗಿದ್ದೇನೆ, ಬರುತ್ತೇನೆ.’ ‘ಬರುತ್ತೇನೆ’ ಕೆಳಗೆ ಎರಡು ಗೆರೆ ಎಳೆದಿದಾನೆ.”

ಅವಳು ಬಂದು ಬಗ್ಗಿ ನೋಡಿದಳು. ಚೀಟಿ ಬೆಳ್ಳಗೆ ಕಾಣುತ್ತಿತ್ತು, ಅಕ್ಷರ ಕಾಣಲಿಲ್ಲ. ಕನ್ನಡಕ ಏರಿಸಿಕೊಂಡು ನೋಡಿದಳು. ಗೆರೆ ಎರಡೇ ಇದ್ದವು.

“ಹಾಗಾದ್ರೆ ಸುಳ್ಳು.”

“ಸುಳ್ಳು.”

“ಮೂರು ಸಲಾನೂ?”

“ನಾಲ್ಕು. ಈಗಿಂದೂ ಸೇರಿಸಿ.”

“ಯಾಕ್ರೀ?”

ಅವನು ಕಿಟಕಿಯ ಸರಳನ್ನು ಉಗುರಿನಿಂದ ಕೆರೆಯುತ್ತ ನಿಂತ. “ಸರಿಯಾಗಿ ಓದಿದ್ರೆ ಬೇಗ ಮುಗಿದುಹೋಗುತ್ತೆ ಮೇಡಂ. ತಪ್ಪು ಓದಿದ್ರೆ ನೀವು ಲೆನ್ಸ್ ಬದಲಾಯಿಸ್ತೀರಿ. ‘ಈಗ? ಈಗ ಹೇಗಿದೆ?’ ಅಂತ ಕೇಳ್ತೀರಿ. ನನಗೆ ಹೇಗಿದೆ ಅಂತ ಯಾರೂ ಅಷ್ಟು ನಿಗಾ ಇಟ್ಟು ಕೇಳಿದ್ದಿಲ್ಲ.”

ಆ ಮಾತನ್ನು ಅವಳು ದಿನವೂ ಬಂದವರಿಗೆಲ್ಲ ಕೇಳುತ್ತಿದ್ದಳು. ಅದನ್ನು ಒಬ್ಬ ಮನೆಗೆ ಕಟ್ಟಿಕೊಂಡು ಹೋಗುತ್ತಿದ್ದ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು?

“ವಿಮಾನ ಅಂದ್ರೆ ಎರಡು ಗಂಟೇಲಿ ಹೋಗ್ಬಿಡ್ತೀರಿ,” ಅವನು ಮುಂದುವರಿಸಿದ. “ನಾನು ಮಾತಲ್ಲಿ ಸ್ವಲ್ಪ ನಿಧಾನ. ನನಗೆ ಎರಡು ದಿನವಾದ್ರೂ ಬೇಕು. ನೀವು ಅಂದ್ರೆ ನನಗೆ ತುಂಬಾ ಇಷ್ಟ ಅನ್ನೋದನ್ನ ಎರಡನೇ ದಿನ ಸಂಜೆಗೆ ಇಟ್ಕೊಂಡಿದ್ದೆ. ಈಗಲೇ ಬಾಯಿಗೆ ಬಂದುಬಿಡ್ತು.”

“ಚಿಕ್ಕಮ್ಮನ ಕಿವಿ?”

“ಅದು ಅವರದೇ ಐಡಿಯಾ. ಹೋದ ವರ್ಷ ಅವರ ಟಿಕೆಟ್ ತೆಗೆದ ಪರಿಚಯ, ಕಾರಿನ ವಿಷಯ ಫೋನಲ್ಲಿ ಹೇಳಿದ್ದಷ್ಟೇ ನಾನು. ಕಿವಿಗೂ ನನಗೂ ಸಂಬಂಧ ಇಲ್ಲ.”

ನಗು ಬಂತು, ತಡೆದುಕೊಂಡಳು. “ಎರಡು ದಿನ ಆದ್ಮೇಲೆ?”

“ಬೇಡ ಅಂದ್ರೆ ಸೂಟ್‌ಕೇಸ್ ಇಳಿಸಿ ವಾಪಸ್ ಬರ್ತೀನಿ. ಇನ್ನೊಂದು ಸಲ ಕಾಟ ಕೊಡಲ್ಲ.”

“ಬೇಡ ಅನ್ನಲಿಲ್ಲ ಅಂದ್ರೆ? ನಿಮ್ಮ ಅಂಗಡಿ ಇಲ್ಲಿದೆ.”

“ಎಲ್ಲಾ ಊರಿನ ಜನಕ್ಕೂ ಬೇರೆ ಊರಿಗೆ ಹೋಗಬೇಕು ಅನ್ನಿಸುತ್ತೆ ಮೇಡಂ. ಟ್ರಾವೆಲ್ಸ್ ಎಲ್ಲಿ ಬೇಕಾದ್ರೂ ಹಾಕಬಹುದು.”

ಅವಳಿಗೆ ಸಂತೋಷವಾಯಿತು. ಕಿವಿ ಬಿಸಿಯಾಗುವಷ್ಟು ಸಂತೋಷ. ಮರುಕ್ಷಣವೇ ಆ ಸಂತೋಷದ ಮೇಲೂ ಅನುಮಾನ ಬಂತು. ನಾಲ್ಕು ಸಲ ನಯವಾಗಿ ಸುಳ್ಳು ಹೇಳಿದವನು ಐದನೆಯದು ಹೇಳಲಾರನೆಂದು ಏನು ಗ್ಯಾರಂಟಿ? ತನಗೆ ಬೇಕಾದದ್ದು ಸಿಗಲಿ ಎಂದು ಹೇಳಿದ ಸುಳ್ಳೇ ಅಲ್ಲವೇ ಎಲ್ಲವೂ? ಈ ಮನುಷ್ಯನನ್ನು ನಂಬಬೇಕು ಎಂದು ಅವಳಿಗೆ ಎಷ್ಟು ಆಸೆಯಾಗುತ್ತಿತ್ತೆಂದರೆ, ಆ ಆಸೆಯೇ ಅವಳನ್ನು ಹೆದರಿಸಿತು.

ಅವಳು ಚಾರ್ಟಿನ ದೀಪ ಆರಿಸಿ, ಬ್ಯಾಗ್ ಹೆಗಲಿಗೇರಿಸಿದಳು.

“ಬರ್ತೀನಿ,” ಎಂದಳು.

ಹಾಗೆಂದು ದಡದಡ ಮೆಟ್ಟಿಲಿಳಿದು ಹೋದಳು. ಅವನು ಅಲ್ಲೇ ನಿಂತಿದ್ದ. ಹೊರಡುವವರೂ ಬರ್ತೀನಿ ಎನ್ನುತ್ತಾರೆ, ಜೊತೆಗೆ ಬರುವವರೂ ಬರ್ತೀನಿ ಎನ್ನುತ್ತಾರೆ. ತಾನು ಹೇಳಿದ್ದು ಯಾವುದು ಎಂದು ಅವಳಿಗೂ ಗೊತ್ತಿರಲಿಲ್ಲ.

ಬೆಳಿಗ್ಗೆ ಅವಳು ಸೂಟ್‌ಕೇಸ್ ಎಳೆದುಕೊಂಡು ಗೇಟಿಗೆ ಬಂದರೆ ಅವನ ಕಾರು ನಿಂತಿತ್ತು. ಚಿಕ್ಕಮ್ಮ ಆಗಲೇ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಾಗಿತ್ತು. ಎರಡು ಕಿವಿಯಲ್ಲೂ ಹತ್ತಿ ಇರಲಿಲ್ಲ.

“ನಿನ್ನೆ ಬರ್ತೀನಿ ಅಂದ್ರಿ,” ಅವನು ಕಾರಿನ ಬೀಗದಕೈಯನ್ನು ತಿರುಗಿಸುತ್ತ ಹೇಳಿದ. ನಿದ್ದೆಗೆಟ್ಟ ಕಣ್ಣು ಕೆಂಪಗಿತ್ತು. “ಅದು ಹೋಗೋ ಬರ್ತೀನಿನಾ, ಬರೋ ಬರ್ತೀನಿನಾ ತಿಳೀಲಿಲ್ಲ. ಅದಕ್ಕೇ ಬಂದೆ.”

“ಟಿಕೆಟ್ ಬ್ಯಾಗಲ್ಲೇ ಇದೆ. ವಿಮಾನ ನಿಲ್ದಾಣದ ಕಡೆಗೇ ನಡೀರಿ.”

ಅವನ ಮುಖ ಸಣ್ಣದಾಯಿತು. ಆದರೂ ಸೂಟ್‌ಕೇಸನ್ನು ಎತ್ತಿ ಜೋಪಾನವಾಗಿ ಡಿಕ್ಕಿಯಲ್ಲಿಟ್ಟ.

“ಮುಂದೆ ಕೂತ್ಕೋ ನೀನು,” ಚಿಕ್ಕಮ್ಮ ಒಳಗಿಂದ ಅಂದಳು. “ಮುಂದೆ ಕೂತ್ರೆ ನನಗೆ ತಲೆ ಸುತ್ತುತ್ತೆ.” ತಲೆ ಸುತ್ತುವವರು ಮುಂದೆ ಕೂರುವುದೇ ಲೋಕದ ರೂಢಿ. ಪತ್ತೇದಾರಿ ತುಟಿ ಕಚ್ಚಿಕೊಂಡು ಮುಂದೆ ಕೂತಳು.

ಊರು ದಾಟುವ ತನಕ ಅವನು ಸಿಗ್ನಲ್ಲಿಗೊಮ್ಮೆ ಅವಳ ಕಡೆಯ ಕನ್ನಡಿ ನೋಡುತ್ತಿದ್ದ.

“ಏನು ನೋಡ್ತಿದ್ದೀರಿ?”

“ಹಿಂದೆ ಒಂದು ಲಾರಿ…” ಎಂದವನು ತಡೆದು, “ಇಲ್ಲ. ಲಾರಿ ಇಲ್ಲ. ನಿಮ್ಮನ್ನೇ,” ಎಂದ.

ಮುಂದೆ ರಸ್ತೆ ಕವಲೊಡೆಯುವಲ್ಲಿ ದೊಡ್ಡ ಹಸಿರು ಬೋರ್ಡು ಕಂಡಿತು. ಅವಳು ಮುಂದಕ್ಕೆ ಬಾಗಿದಳು.

“ನಿಧಾನ ಮಾಡಿ. ಆ ಬೋರ್ಡ್ ಓದಿ.”

ಅವನು ವೇಗ ತಗ್ಗಿಸಿದ. ಕಾಣಲಿಲ್ಲ ಎಂದಿದ್ದರೆ ಸಾಕಿತ್ತು. ಗಡಿಬಿಡಿಯಲ್ಲಿ ತಿರುವು ತಪ್ಪುತ್ತಿತ್ತು, ವಿಮಾನ ತಪ್ಪುತ್ತಿತ್ತು, ಎರಡು ದಿನ ಅವನದಾಗುತ್ತಿತ್ತು. ಅವಳು ಅವನ ಕಣ್ಣನ್ನೇ ನೋಡಿದಳು. ಅವನು ಕಣ್ಣು ಕಿರಿದು ಮಾಡಲಿಲ್ಲ.

“ವಿಮಾನ ನಿಲ್ದಾಣ, ಎಡಕ್ಕೆ,” ಎಂದು ಓದಿದ. ದನಿ ಕುಗ್ಗಿತ್ತು. “ಹೆದ್ದಾರಿ, ನೇರಕ್ಕೆ. ಕೆಳಗೆ ಸಣ್ಣಕ್ಷರದಲ್ಲಿ, ‘ಮುಂದೆ ತಿರುವು ಇಲ್ಲ.’”

ಹಿಂದಿನ ಸೀಟಿನಲ್ಲಿ ಚಿಕ್ಕಮ್ಮ ಹಣೆ ಚಚ್ಚಿಕೊಂಡಳು. “ಅಯ್ಯೋ ಪೆದ್ದಪ್ಪ! ಸುಳ್ಳು ಹೇಳೋದಿದ್ರೆ ಈಗ ಹೇಳಬೇಕಿತ್ತಲ್ಲೋ!”

ಅವನು ಎಡಕ್ಕೆ ಇಂಡಿಕೇಟರ್ ಹಾಕಿದ. ಟಿಕ್ ಟಿಕ್ ಎಂದು ಅದು ಬಡಿದುಕೊಳ್ಳುತ್ತಿತ್ತು. ಅವಳು ಕನ್ನಡಕ ತೆಗೆದು, ಮಡಚಿ, ಮಡಿಲಲ್ಲಿಟ್ಟುಕೊಂಡಳು.

“ಎಲ್ಲಿದೆ ಬೋರ್ಡು?” ಎಂದಳು. “ನನಗೇನೂ ಕಾಣಿಸ್ತಿಲ್ಲಪ್ಪ.”

ಅವನು ಥಟ್ಟನೆ ಅವಳತ್ತ ತಿರುಗಿದ. ಇಂಡಿಕೇಟರ್ ಆರಿತು. ಎಡಗಣ್ಣು ಸ್ವಲ್ಪ ಮುಂಚೆ, ಬಲಗಣ್ಣು ಆಮೇಲೆ, ನಗುವಿನಲ್ಲಿ ಮುಚ್ಚಿಕೊಂಡವು.

“ರಸ್ತೆ ನೋಡಿ,” ಎಂದು ಗದರಿದಳು.

ಕಾರು ನೇರಕ್ಕೆ ನಡೆಯಿತು. ಬೋರ್ಡು ಹತ್ತಿರ ಹತ್ತಿರ ಬಂದು ಆಕಾಶದಷ್ಟು ದೊಡ್ಡದಾಯಿತು.

“ಈಗ?” ಅವನು ಕೇಳಿದ. “ಈಗ ಹೇಗಿದೆ?”

ಬೋರ್ಡಿನ ಕಂಬ ಅವಳ ಕಿಟಕಿಯ ಪಕ್ಕದಲ್ಲೇ ಹಾದು ಹಿಂದಕ್ಕೆ ಹೋಯಿತು.

“ಊಹೂಂ,” ಎಂದಳು. “ಇನ್ನೊಂದು ಸಲ ಕೇಳಿ.”